ಉಪ್ಪಿಗೆ ಕೊಟ್ಟ ಚೇಂಬರ್

ಮೇಡಂ ಮೂಗಿನ ಮೇಲೆ ಯಾವಾಗಲೂ ನಾಲ್ಕು ಕೆಂಪು ಗುರುತುಗಳಿರುತ್ತಿದ್ದವು. ಎರಡು ಅವರ ದಪ್ಪ ಗಾಜಿನ ಕನ್ನಡಕದವು. ಇನ್ನೆರಡು, ಅದರ ಮೇಲೆಯೇ ಏರಿಸಿಕೊಳ್ಳುತ್ತಿದ್ದ, ಲೇಸರಿನಿಂದ ಕಣ್ಣು ಕಾಯುವ ಕನ್ನಡಕದವು. ಹಾಗೆ ಕನ್ನಡಕದ ಮೇಲೊಂದು ಕನ್ನಡಕ ಹಾಕಿಕೊಂಡು, ಸೀರೆಯ ಸೆರಗನ್ನು ಬಿಳಿ ಕೋಟಿನೊಳಗೆ ತುರುಕಿಕೊಂಡು, ತಲೆಯನ್ನು ಒಂದಿಷ್ಟು ಹಿಂದಕ್ಕೆ ಮಾಡಿ ನೋಡಿದರೆಂದರೆ, ಎದುರಿಗಿದ್ದವರಿಗೆ ತಾವು ಏನನ್ನೋ ಒಡೆದುಹಾಕಿ ಬಂದಿದ್ದೇವೆ ಅನ್ನಿಸಬೇಕು. ನನಗಂತೂ ಕೊನೆಯವರೆಗೂ ಹಾಗೇ ಅನ್ನಿಸುತ್ತಿತ್ತು. ಅವರ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇದೇನು, ತೀರಿಕೊಂಡವರ ಬಗ್ಗೆ ಹೀಗೆ ಬರೆಯುತ್ತಾಳಲ್ಲ ಎಂದು ಯಾರೂ ಬೇಸರ ಮಾಡಿಕೊಳ್ಳಬೇಡಿ. ಅವರು ನನ್ನ ಬಗ್ಗೆ ಬರೆದಿದ್ದರೆ ಇದಕ್ಕಿಂತ ಖಾರವಾಗಿ ಬರೆಯುತ್ತಿದ್ದರು.

ದೆಹಲಿಯ ಹೌಜ್ ಖಾಸ್ ಬಳಿಯ ದೊಡ್ಡ ಸಂಸ್ಥೆಯೊಂದರಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದಾಗಿನ ಮಾತು. ಅವರು ನನ್ನ ಗೈಡ್ ಅಲ್ಲ. ನನ್ನ ಗೈಡ್ ಮೂರನೇ ಮಹಡಿಯಲ್ಲಿ ಕೂತು, ಏನು ಕೇಳಿದರೂ 'ಆಗುತ್ತೆ, ಮಾಡು' ಅನ್ನುವ ಸಾಧು ಪ್ರಾಣಿ. ಮೇಡಂ ನೆಲಮಾಳಿಗೆಯ ಲೇಸರ್ ಕೋಣೆಯ ಉಸ್ತುವಾರಿ ವಿಜ್ಞಾನಿ. ಉಸ್ತುವಾರಿ ಅನ್ನುವುದು ಕಾಗದದ ಮೇಲಿನ ಮಾತು. ನಿಜದಲ್ಲಿ ಆ ಕೋಣೆ ಅವರದೇ ಮನೆ. ಎಂಥ ದೊಡ್ಡ ಮನುಷ್ಯ ಬಂದರೂ ಬಾಗಿಲಲ್ಲೇ ಬೂಟು ಬಿಚ್ಚಿಸುತ್ತಿದ್ದರು. ಮೂಲದಲ್ಲಿ ಮೈಸೂರಿನವರು. ಮದುವೆಯಾಗಿ ದೆಹಲಿಗೆ ಬಂದು, ರೋಹಿಣಿಯಲ್ಲಿ ಮನೆ ಮಾಡಿ, ಒಬ್ಬ ಮಗಳನ್ನು ಬೆಳೆಸಿ, ನಡುವೆ ಗಂಡನನ್ನು ಕಳೆದುಕೊಂಡು, ಮೆಟ್ರೋದಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ದಿನಾ ಓಡಾಡುತ್ತಿದ್ದರು. ನನ್ನ ಗೈಡ್ ಜೊತೆ ಇಂಗ್ಲಿಷ್, ಕರೆಂಟಿನ ಭಯ್ಯಾ ಜೊತೆ ಹಿಂದಿ. ಕನ್ನಡ ಮಾತ್ರ ನನಗೂ ಲೇಸರಿಗೂ ಮೀಸಲು, ಅದೂ ಬೈಯಲಿಕ್ಕೆ. ಲೇಸರ್ ಕೈಕೊಟ್ಟ ದಿನ, "ದರಿದ್ರದ್ದೇ, ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದು ಅದರ ತಗಡಿನ ಬೆನ್ನಿಗೆ ಗುದ್ದುತ್ತಿದ್ದರು. ಚಿತ್ರದುರ್ಗದಿಂದ ಬಂದ ನನಗೆ ದೆಹಲಿಯ ನೆಲಮಾಳಿಗೆಯಲ್ಲಿ ಕನ್ನಡ ಕೇಳಿ ಮೊದಲ ದಿನ ಕಣ್ಣು ತುಂಬಿ ಬಂದಿತ್ತು. ಎರಡನೇ ದಿನದಿಂದ ಆ ಸಂಭ್ರಮ ಇರಲಿಲ್ಲ.

ಆ ಕೋಣೆಯ ಕೆಲಸವೇನೆಂದು ಹೇಳದಿದ್ದರೆ ನನ್ನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಉಕ್ಕಿನ ದುಂಡು ಪೆಟ್ಟಿಗೆಯೊಂದಿದೆ, ಅದೇ ಚೇಂಬರ್. ಅದರೊಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆಯುತ್ತೇವೆ. ಒಳಗೆ ಒಂದು ಬದಿಯಲ್ಲಿ ಪುಡಿಯನ್ನು ಒತ್ತಿ ಮಾಡಿದ, ನಿಧಾನವಾಗಿ ತಿರುಗುವ ಬಿಲ್ಲೆ, ಅದರೆದುರಿಗೆ ಒಂದು ಚೂರು ಗಾಜು. ಹೊರಗಿನ ಲೇಸರ್ ಬಿಟ್ಟುಬಿಟ್ಟು ಮಿಡಿಯುತ್ತದೆ. ಪ್ರತಿ ಮಿಡಿತವೂ ಚೇಂಬರಿನ ಪುಟ್ಟ ಕಿಟಕಿಯ ಮೂಲಕ ಒಳಗೆ ಹೋಗಿ ಬಿಲ್ಲೆಗೆ ಬಡಿಯುತ್ತದೆ. ಬಡಿದ ಜಾಗದಿಂದ ನೀಲಿ ಜ್ವಾಲೆಯೊಂದು ಚಿಮ್ಮಿ ಎದುರಿನ ಗಾಜಿನ ಮೇಲೆ ಕೂರುತ್ತದೆ. ಹಾಗೆ ಕೂತು ಕೂತು ಕೂದಲಿಗಿಂತ ಎಷ್ಟೋ ತೆಳುವಾದ ಪದರ ಬೆಳೆಯುತ್ತದೆ. ಅದಕ್ಕೆ ನಾವು ಫಿಲ್ಮ್ ಅನ್ನುತ್ತೇವೆ.

ಮೇಡಂ ಆ ಚೇಂಬರ್ ಬಂದ ದಿನದಿಂದಲೂ ಅದರಲ್ಲಿ ಆಕ್ಸೈಡ್ ಫಿಲ್ಮುಗಳನ್ನು ಬೆಳೆಸಿದವರು. ಆಕ್ಸೈಡುಗಳು ಗಟ್ಟಿ ಜಾತಿ. ಕೆಂಪಗೆ ಕಾಯಿಸಿದರೂ, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ನನಗೆ ಬೇಕಾಗಿದ್ದು ಹ್ಯಾಲೈಡ್ ಪೆರೊವ್‌ಸ್ಕೈಟ್. ಸೀಸ, ಅಯೋಡಿನ್, ಜೊತೆಗೆ ಸುಲಭವಾಗಿ ಹಾರಿಹೋಗುವ ಒಂದು ಮೆದು ಲವಣ, ಇವು ಸೇರಿದ ವಸ್ತು. ಬಿಸಿಲನ್ನು ಕರೆಂಟ್ ಮಾಡುವುದರಲ್ಲಿ ಅದು ಮಹಾ ಚುರುಕು, ಆದರೆ ನಾಜೂಕು ಅಂದರೆ ಅಷ್ಟಿಷ್ಟಲ್ಲ. ಫಿಲ್ಮ್ ಚೆನ್ನಾಗಿ ಬಂದರೆ ಕಡುಗಂದು, ಹೆಚ್ಚೂಕಡಿಮೆ ಕಪ್ಪು. ಮೆದು ಲವಣ ಹಾರಿಹೋಯಿತೋ, ಬರೀ ಸೀಸ-ಅಯೋಡಿನ್ ಉಳಿದು ಅರಿಶಿನದ ಹಳದಿ. ಹಳದಿ ಅಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಬೇರೆಯವರೆಲ್ಲ ಇದನ್ನು ದ್ರವದಲ್ಲಿ ಕರಗಿಸಿ ಗಾಜಿನ ಮೇಲೆ ಹರಡುತ್ತಾರೆ. ಹನಿ ದ್ರವವೂ ಇಲ್ಲದೆ ಲೇಸರಿನಿಂದ ಒಣಗಿದ್ದಂತೆಯೇ ಬೆಳೆಸಬಹುದು ಅನ್ನುವುದು ನನ್ನ ಗೈಡ್ ತಲೆಗೆ ಹೊಳೆದ ವಿಚಾರ. ಅವರಿಗೆ ಹೊಳೆಯಿತು, ಮಾಡಿ ತೋರಿಸುವ ಹಣೆಬರಹ ನನಗೆ ಬಂತು.

ಒಂದು ತೊಡಕಿತ್ತು. ಅಯೋಡಿನ್ ಗಾಜಿನ ಮೇಲಷ್ಟೇ ಕೂರುವುದಿಲ್ಲ, ಚೇಂಬರಿನ ಗೋಡೆಗೂ ಮೆತ್ತುತ್ತದೆ. ಉಕ್ಕನ್ನು ತಿನ್ನುತ್ತದೆ, ಪಂಪಿಗೆ ನುಗ್ಗುತ್ತದೆ. ಆಮೇಲೆ ಅದೇ ಚೇಂಬರಿನಲ್ಲಿ ಆಕ್ಸೈಡ್ ಬೆಳೆಸಲು ಕಾವು ಕೊಟ್ಟರೆ, ಗೋಡೆಯಲ್ಲಿ ಅಡಗಿದ ಸೀಸವೂ ಅಯೋಡಿನ್ನೂ ಎದ್ದು ಬಂದು ಹೊಸ ಫಿಲ್ಮನ್ನು ಹಾಳು ಮಾಡುತ್ತವೆ. ಅದಕ್ಕೇ ದೆಹಲಿಯಲ್ಲಿ ನಾನು ಕೇಳಿದ ಒಬ್ಬರೂ ಇದನ್ನು ತಮ್ಮ ಚೇಂಬರಿನ ಹತ್ತಿರ ಸುಳಿಯಗೊಡಲಿಲ್ಲ. ಮೇಡಂ ಹ್ಯಾಲೈಡ್ ಅನ್ನುವ ಹೆಸರನ್ನೇ ಎತ್ತುತ್ತಿರಲಿಲ್ಲ, ಉಪ್ಪು ಅನ್ನುತ್ತಿದ್ದರು.

"ಉಪ್ಪಾ? ನನ್ನ ಚೇಂಬರಿಗಾ? ನಿಂಗೇನು ಹುಚ್ಚಾ?"

"ಮೇಡಂ, ಒಂದೇ ಒಂದು ಫಿಲ್ಮ್…"

"ಒಂದೇ ಒಂದು ಅಂತಾನೇ ಎಲ್ಲರೂ ಶುರು ಮಾಡೋದು. ಹೋಗು. ಬಾಗಿಲು ಸರಿಯಾಗಿ ಹಾಕ್ಕೊಂಡು ಹೋಗು, ಧೂಳು ಬರುತ್ತೆ."

ನಾನು ದಿನಾ ಹೋದೆ. ಬೇರೆ ದಾರಿಯಿದ್ದರೆ ಹೋಗುತ್ತಿರಲಿಲ್ಲ. ಫೆಲೋಶಿಪ್ಪಿನ ಕೊನೆಯ ವರ್ಷ ಹತ್ತಿರ ಬರುತ್ತಿತ್ತು, ಹಾಸ್ಟೆಲ್ ವಾರ್ಡನ್ ಆಗಲೇ ಓರೆಗಣ್ಣಿನಿಂದ ನೋಡುತ್ತಿದ್ದರು. ಲೇಸರಿನಿಂದ ಈ ಫಿಲ್ಮ್ ಬಾರದಿದ್ದರೆ ನನ್ನ ಪ್ರಬಂಧವೇ ಇಲ್ಲ. ಅಷ್ಟೂ ವರ್ಷ ಮಣ್ಣುಪಾಲು. ಮೇಡಂ ಬಾಗಿಲು ತೆರೆಯುತ್ತಿದ್ದರು, ನಾಲ್ಕು ಗುರುತಿನ ಮೂಗೆತ್ತಿ ನೋಡುತ್ತಿದ್ದರು, ಮುಚ್ಚುತ್ತಿದ್ದರು. ಒಂದು ಬೆಳಿಗ್ಗೆ ಮುಚ್ಚಲಿಲ್ಲ.

"ಒಳಗೆ ಬಾ. ದಿನಾ ಬಂದು ಬಾಗಿಲಲ್ಲಿ ಹೀಗೆ ನಿಂತ್ಕೊಂಡ್ರೆ ತಲೆನೋವು ಬರುತ್ತೆ ನಂಗೆ. ತಗೋ ಚೇಂಬರ್. ಆದ್ರೆ ಕೇಳಿಸ್ಕೋ, ಉಪ್ಪು ಒಂದು ಸಲ ಒಳಗೆ ಹೋದ್ರೆ ಮತ್ತೆ ನನ್ನ ಆಕ್ಸೈಡ್ ಇದರಲ್ಲಿ ಆಗಲ್ಲ. ಅದಕ್ಕೇ ನಾನು ಹೇಳಿದ ಹಾಗೇ ಮಾಡ್ಬೇಕು ನೀನು. ತಿಳೀತಾ?"

"ಹಾಗಾದ್ರೆ ನಿಮ್ಮ ಕೆಲಸ ಮೇಡಂ?"

"ಹೊಸ ಕಟ್ಟಡದಲ್ಲಿ ಹೊಸ ಮಷೀನ್ ಬಂದಿದೆಯಲ್ಲ, ಅಲ್ಲಿ ಮಾಡ್ಕೋತೀನಿ. ನಿಂಗ್ಯಾಕೆ ಅದೆಲ್ಲ?"

ಖುಷಿಯಿಂದ ಕುಣಿಯುವುದೊಂದು ಬಾಕಿ. ಆದರೆ ಅವರು ಅಷ್ಟಕ್ಕೆ ಬಿಡುವವರೇ? ಚೇಂಬರಿನೊಳಗಿನ ತಮ್ಮ ಹೀಟರು, ಹಿಡಿಕೆ, ತಿರುಪು ಎಲ್ಲವನ್ನೂ ಬಿಚ್ಚಿ, ಒಂದೊಂದನ್ನೇ ತೊಳೆದು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಅದಕ್ಕೊಂದು ವಾರ ಹಿಡಿಯಿತು. ಕೈಯಲ್ಲಿ ಬಿಲ್ಲೆ ಹಿಡಿದು ನಾನು ಹಲ್ಲು ಕಡಿಯುತ್ತಾ ನಿಂತಿದ್ದೆ. ಇನ್ನು ಉಪಯೋಗಿಸದೇ ಇರುವ ತಿರುಪನ್ನು ಯಾರಾದರೂ ಅಷ್ಟು ಚೆಂದಾಗಿ ತೊಳೆಯುತ್ತಾರೆಯೇ?

ಆಮೇಲೆ ಶುರುವಾಯಿತು ನೋಡಿ ಅವರ ಕಟ್ಟಳೆ. ಕೋಣೆಗೆ ಚಪ್ಪಲಿ ತರುವ ಹಾಗಿಲ್ಲ. ಒಳಗೆ ಅವರೇ ಇಟ್ಟ ಹವಾಯಿ ಚಪ್ಪಲಿ ಹಾಕಿಕೊಳ್ಳಬೇಕು. ಆ ಚಪ್ಪಲಿಗಳೋ, ಒಂದು ನನ್ನ ಪಾದದ ಅರ್ಧಕ್ಕೆ ಬರುತ್ತಿತ್ತು, ಇನ್ನೊಂದರಲ್ಲಿ ಎರಡು ಪಾದ ಹಿಡಿಸುತ್ತಿತ್ತು. ಕೋಣೆಯಲ್ಲಿ ಸ್ಟೂಲ್ ಇದ್ದರೂ ಕೂರುವಂತಿಲ್ಲ. ಕೂತರೆ ನಿದ್ದೆ ಬರುತ್ತದಂತೆ, ನಿದ್ದೆ ಬಂದರೆ ಲೇಸರಿನ ಮುಂದೆ ಕೈ ಹೋಗುತ್ತದಂತೆ. ಅವರೂ ಕೂರುತ್ತಿರಲಿಲ್ಲ. ಬೆಳಗಿನ ಜಾವ ಫೋನ್ ಬರುತ್ತಿತ್ತು: "ಹಾಸ್ಟೆಲಿಂದ ಹೊರಗೆ ಕೈ ಚಾಚಿ ನೋಡು, ತೇವ ಇದೆಯಾ?" ತೇವ ತಾಗಿದರೆ ನನ್ನ ಉಪ್ಪು ಕೆಡುತ್ತದೆ, ನಿಜ. ಆದರೆ ಇಷ್ಟು ವರ್ಷ ದೆಹಲಿಯಲ್ಲಿದ್ದು, ಇಲ್ಲಿನ ಜುಲೈಯಲ್ಲಿ ತೇವ ಇದೆಯಾ ಅಂತ ಕೇಳುತ್ತಾರಲ್ಲ, ಇವರಿಗೆ ಏನು ಹೇಳುವುದು?

ಪುಡಿ ಅರೆಯಲು ವಿಭಾಗದಲ್ಲಿ ಯಂತ್ರವಿತ್ತು. ಬಟನ್ ಒತ್ತಿ ಚಹಾ ಕುಡಿದು ಬಂದರೆ ನುಣ್ಣಗೆ ಆಗಿರುತ್ತಿತ್ತು. ಮೇಡಂ ಒಪ್ಪಲಿಲ್ಲ. ಒಣ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ಅದರ ಗೋಡೆಗೇ ಅಂಟಿಕೊಂಡ ಮೊಣಕೈವರೆಗಿನ ರಬ್ಬರ್ ಗ್ಲೌಸಿನಲ್ಲಿ ಕೈ ತೂರಿಸಿ, ಪುಟ್ಟ ಕಲ್ಲಿನ ಕುಟ್ಟಾಣಿಯಲ್ಲಿ ನಾನೇ ಅರೆಯಬೇಕು.

"ಯಂತ್ರಕ್ಕೆ ಹಾಕಿದ್ರೆ ಪುಡಿ ಹೇಗಾಯ್ತು ಅಂತ ಯಂತ್ರಕ್ಕೆ ಗೊತ್ತಾಗುತ್ತೆ. ನಿಂಗೇನ್ ಗೊತ್ತಾಗುತ್ತೆ?"

"ಮೇಡಂ, ಭುಜ ಬಿದ್ದು ಹೋಗ್ತಿದೆ."

"ಬೀಳಲ್ಲ. ಬಿದ್ರೆ ನೋಡೋಣ. ಅರೀ."

ಇವೆಲ್ಲವನ್ನೂ ಹೇಗೋ ಸಹಿಸಬಹುದಿತ್ತು. ಆದರೆ ಆ ಕಿಟಕಿ! ಬಿಲ್ಲೆಯಿಂದ ಚಿಮ್ಮಿದ ಜ್ವಾಲೆ ಎದುರಿನ ಗಾಜಿನ ಮೇಲೆ ಕೂರುವಂತೆ, ಅಷ್ಟಿಷ್ಟು ಹಿಂದಕ್ಕೂ ಬಂದು ಲೇಸರ್ ಒಳಬರುವ ಕಿಟಕಿಯ ಒಳಮೈಗೂ ಮೆತ್ತಿಕೊಳ್ಳುತ್ತದೆ. ಮೇಡಂ ಪ್ರತಿ ಫಿಲ್ಮಿಗೂ ಮೊದಲು ಆ ಕಿಟಕಿಯನ್ನು ಬಿಚ್ಚಿ, ಎಂಥದ್ದೋ ನುಣುಪು ಪುಡಿ ಹಾಕಿ, ಹಳೆಯ ಹತ್ತಿ ಸೀರೆಯ ತುಂಡಿನಿಂದ ಉಜ್ಜಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಸಮಾಧಾನವಾಗದೆ ಮತ್ತೆ ಉಜ್ಜುತ್ತಿದ್ದರು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಪುಡಿಯೂ ಬಟ್ಟೆಯೂ ಕಪಾಟಿನಲ್ಲಿ, ಕಪಾಟಿನ ಕೀ ಅವರ ಪರ್ಸಿನಲ್ಲಿ. ನನ್ನ ಅರ್ಧ ದಿನ ಅವರು ಕಿಟಕಿ ಉಜ್ಜುವುದನ್ನು ನೋಡುವುದರಲ್ಲೇ ಕಳೆಯುತ್ತಿತ್ತು. ಇಷ್ಟೆಲ್ಲ ಮಾಡಿ ಚೇಂಬರ್ ತೆರೆದರೆ ಫಿಲ್ಮ್ ಹಳದಿ. ಮರುದಿನವೂ ಹಳದಿ. ಅದರ ಮರುದಿನ ಒಂಚೂರು ಕಂದು ಬಂದಂತಾಗಿ ಮತ್ತೆ ಹಳದಿ.

ಹೀಗಿರುವಾಗ ಮೇಡಂ ಒಂದು ವಾರ ರಜೆ ಹಾಕಿದರು. ಮೈಸೂರಿನಲ್ಲಿ ತಂಗಿ ಮಗಳ ಮದುವೆ ಅಂದರು. ಲೇಸರಿನ ಕೀ ನನ್ನ ಕೈಗಿಟ್ಟು, ಹೇಳಿದ್ದನ್ನೇ ಹತ್ತು ಸಲ ಹೇಳಿದರು. ಕಿಟಕಿ ಏನು ಮಾಡಲಿ ಎಂದು ಕೇಳಿದೆ.

"ಒಂದು ವಾರ ಒರೆಸದಿದ್ರೆ ಏನೂ ಮುಳುಗಲ್ಲ. ನೀನು ಮಾತ್ರ ಮುಟ್ಟಬೇಡ, ಗೀರಿಬಿಡ್ತೀಯ."

ಮದುವೆ ಮನೆಯಿಂದಲೂ ಫೋನ್ ತಪ್ಪಲಿಲ್ಲ. ಪಂಪಿನ ಸದ್ದು ಹೇಗಿದೆ, ಬಿಲ್ಲೆ ತಿರುಗುತ್ತಿದೆಯಾ, ಕನ್ನಡಕ ಹಾಕ್ಕೊಂಡಿದ್ದೀಯಾ. "ಓಲಗದ ಸದ್ದೇ ಇಲ್ಲವಲ್ಲ ಮೇಡಂ?" ಎಂದರೆ, "ಸಣ್ಣ ಮದುವೆ ಕಣೆ, ನೀನು ಕೆಲಸ ನೋಡು" ಎಂದು ಇಟ್ಟುಬಿಟ್ಟರು. ನನಗೋ ಸ್ವರ್ಗ. ಬೇಕಾದಾಗ ಸ್ಟೂಲಿನ ಮೇಲೆ ಕೂತೆ. ಕಿಟಕಿ ಉಜ್ಜುವ ಗೋಜಿಲ್ಲದ್ದರಿಂದ ದಿನಕ್ಕೆರಡು ಫಿಲ್ಮ್ ಬೆಳೆಸಿದೆ. ವಾರ ಕಳೆಯುತ್ತಿದ್ದಂತೆ ಬಣ್ಣ ಗಾಢವಾಗುತ್ತಾ ಬಂತು. ಶುಕ್ರವಾರ ಚೇಂಬರ್ ತೆರೆದರೆ, ಗಾಜಿನ ಮೇಲೆ ಕಪ್ಪು! ಕಲೆಯಿಲ್ಲ, ತೂತಿಲ್ಲ, ಮುಖ ಕಾಣುವಷ್ಟು ಹೊಳಪು. ಮೂರನೇ ಮಹಡಿಗೆ ಓಡಿದೆ. ನನ್ನ ಗೈಡ್ ಕುರ್ಚಿಯಿಂದ ಎದ್ದು ನಿಂತರು. ಪೇಪರ್ ಬರೆಯಲು ಶುರು ಮಾಡು ಅಂದರು. ಆ ದಿನ ನಾನು ಬಳಸಿದ ಲೇಸರಿನ ಶಕ್ತಿ, ಗಾಳಿ ಹೊರಗೆಳೆದ ಮೇಲೆ ಚೇಂಬರಿಗೆ ಬಿಡುವ ಚೂರು ಅನಿಲದ ಒತ್ತಡ, ಗಾಜಿನಿಂದ ಬಿಲ್ಲೆಯ ದೂರ ಎಲ್ಲವನ್ನೂ ಮಂತ್ರದಂತೆ ಬಾಯಿಪಾಠ ಮಾಡಿಕೊಂಡೆ.

ಸೋಮವಾರ ಮೇಡಂ ಬಂದರು. ಮುಖ ಒಂದಿಷ್ಟು ಬಿಳಿಚಿಕೊಂಡಿತ್ತು. ಮದುವೆಯ ಓಡಾಟ ಅಂದುಕೊಂಡೆ. ಒಂದು ತುಂಡು ಮೈಸೂರು ಪಾಕನ್ನಾದರೂ ತರಬಾರದಿತ್ತೇ ಎಂದು ಒಳಗೊಳಗೇ ಗೊಣಗಿದೆ. ಕಪ್ಪು ಫಿಲ್ಮನ್ನು ಕೈಗೆ ಕೊಟ್ಟರೆ, ತಲೆ ಹಿಂದಕ್ಕೆ ಮಾಡಿ ಬಹಳ ಹೊತ್ತು ನೋಡಿದರು.

"ಅಚ್ಛಾ. ಚೆನ್ನಾಗಿದೆ. ಇನ್ನೊಂದು ಮಾಡು."

"ಸರ್ ಪೇಪರ್ ಬರೀ ಅಂದಿದ್ದಾರೆ."

"ಸರ್ ಮೇಲೆ ಕೂತಿರ್ತಾರೆ, ಏನಾದ್ರೂ ಅಂತಾರೆ. ಇದು ನೆಂಟರ ಥರ ಬಂದಿದೆ ಕಣೆ. ಮನೆಯಲ್ಲೇ ಉಳಿಯೋ ಥರ ಮಾಡು. ಇಂಥದ್ದೇ ಮೂರು ಬರೋವರೆಗೂ ಪೇಪರಿನ ಮಾತೆತ್ತಬೇಡ."

ಅಂದವರೇ ಕಿಟಕಿ ಬಿಚ್ಚಿ ಉಜ್ಜಲು ನಿಂತರು. ಅಂದಿನ ಫಿಲ್ಮ್ ಹಳದಿ. ಮರುದಿನ ಹಳದಿ. ಆಗಸ್ಟ್ ಇಡೀ ಹಳದಿ.

ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತು. ಮಳೆಗಾಲದ ತೇವವೇ ಕಾರಣ ಎಂದು ಕೋಣೆಗೆ ತೇವ ಹೀರುವ ಇನ್ನೊಂದು ಯಂತ್ರ ತರಿಸಿದೆವು. ಅನಿಲದ ಸಿಲಿಂಡರ್ ಬದಲಾಯಿಸಿದೆವು. ಮೆದು ಲವಣವನ್ನು ಹೆಚ್ಚು ಹಾಕಿ ಹೊಸ ಬಿಲ್ಲೆ ಮಾಡಿದೆ, ಇನ್ನೂ ಹೆಚ್ಚು ಹಾಕಿ ಮತ್ತೊಂದು ಮಾಡಿದೆ. ಭುಜದ ಗತಿ ಕೇಳಬೇಡಿ. ಬಿಲ್ಲೆಯ ದೂರ, ಅನಿಲದ ಒತ್ತಡ ಎಲ್ಲವನ್ನೂ ಹಿಂದೆ ಮುಂದೆ ಮಾಡಿ ನೋಡಿದೆವು. ಲೇಸರಿನ ಶಕ್ತಿಯ ಅಂಕಿಯೊಂದನ್ನು ಮಾತ್ರ ಮುಟ್ಟಲಿಲ್ಲ. ಒಳ್ಳೆಯ ಫಿಲ್ಮ್ ಬಂದದ್ದು ಅದೇ ಅಂಕಿಯಲ್ಲಲ್ಲವೇ, ಅದನ್ನು ಯಾಕೆ ಮುಟ್ಟುವುದು? ಮೂರನೇ ಮಹಡಿಯಿಂದ ಗೈಡ್, 'ಇದ್ದ ಒಂದರ ಮೇಲೇ ಬರೆದುಬಿಡೋಣ' ಅನ್ನತೊಡಗಿದರು. ನೆಲಮಾಳಿಗೆಯಲ್ಲಿ ಮೇಡಂ 'ಮೂರು' ಅನ್ನುವುದನ್ನು ಬಿಡಲಿಲ್ಲ. ನಡುವೆ ಮೆಟ್ಟಿಲು ಹತ್ತಿ ಇಳಿದು ನನ್ನ ತಲೆ ಕೆಟ್ಟು ಮೊಸರಾಯಿತು.

ಕೊನೆಗೊಂದು ದಿನ ಚೇಂಬರ್ ತೆರೆದರೆ ಅದೇ ಅರಿಶಿನ. ಮೇಡಂ ಏನೂ ಆಗಿಲ್ಲವೆಂಬಂತೆ ಕಿಟಕಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಬಾಯಿಂದ ಹಬೆ ಬಿಟ್ಟು, ಸೀರೆ ತುಂಡಿನಿಂದ ಉಜ್ಜುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು.

"ಮೇಡಂ, ಸಾಕು ಮಾಡಿ! ಆ ಕಿಟಕಿ ಒರೆಸಿ ಒರೆಸಿ ಏನು ಬಂತು? ನೀವು ಮದುವೆಗೆ ಹೋದ ವಾರ ಯಾರೂ ಒರೆಸಿರಲಿಲ್ಲ. ಆವಾಗ್ಲೇ ಚೆನ್ನಾಗಿ ಬಂದಿತ್ತು. ನೀವೂ ನಿಮ್ಮ ಕಿಟಕೀನೂ!"

ಇನ್ನು ನನ್ನ ಕಥೆ ಮುಗಿಯಿತು, ಕುತ್ತಿಗೆ ಹಿಡಿದು ಆಚೆ ಹಾಕುತ್ತಾರೆ ಎಂದುಕೊಂಡೆ. ಮೇಡಂ ಉಜ್ಜುವುದನ್ನು ನಿಲ್ಲಿಸಿದರು. ಮೇಲಿನ ಕನ್ನಡಕ ತೆಗೆದರು. ಆಮೇಲೆ ಕೆಳಗಿನದನ್ನೂ ತೆಗೆದರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಏನಂದೆ? ಇನ್ನೊಂದು ಸಲ ಹೇಳು."

"ಸಾರಿ ಮೇಡಂ."

"ಸಾರಿ ಯಾರಿಗೆ ಬೇಕು? ಆ ವಾರ ಒರೆಸಿರಲಿಲ್ವಾ?"

"ಬಟ್ಟೆ ಕಪಾಟಲ್ಲಿತ್ತು, ಕೀ ನಿಮ್ಮ ಹತ್ರ ಇತ್ತು."

"ಮುಟ್ಟಬೇಡ ಅಂತ ನಾನೇ ಹೇಳಿದ್ನಾ?"

"ನೀವೇ."

ಮೇಡಂ ಸ್ಟೂಲಿನ ಮೇಲೆ ಕೂತುಬಿಟ್ಟರು.

ವಿಷಯ ಇಷ್ಟೇ. ಲೇಸರಿನ ಶಕ್ತಿಯನ್ನು ನಾವು ಅಳೆಯುತ್ತಿದ್ದದ್ದು ಕಿಟಕಿಯ ಹೊರಗೆ. ಚೇಂಬರಿನೊಳಗೆ ಅಳತೆಯ ಯಂತ್ರ ಇಡಲು ಆಗುವುದಿಲ್ಲ. ಕಿಟಕಿ ಶುಭ್ರವಾಗಿದ್ದರೆ ಹೊರಗಿದ್ದಷ್ಟೇ ಹೆಚ್ಚೂಕಡಿಮೆ ಒಳಗೂ ಹೋಗುತ್ತದೆ. ಮೇಡಂ ಅಷ್ಟು ವರ್ಷವೂ ಕಿಟಕಿಯನ್ನು ಶುಭ್ರವಾಗಿಟ್ಟವರು, ಹಾಗಾಗಿ ಅವರಿಗೆ ಆ ಲೆಕ್ಕವೇ ಬೇಕಾಗಿರಲಿಲ್ಲ. ಆ ವಾರ ಮಾತ್ರ ದಿನದಿಂದ ದಿನಕ್ಕೆ ಕಿಟಕಿ ಮಸುಕಾಗುತ್ತಾ ಹೋಗಿ, ಒಳಗೆ ಬಿಲ್ಲೆಗೆ ಬಡಿಯುವ ಪೆಟ್ಟು ಮೆತ್ತಗಾಗುತ್ತಾ ಬಂದಿತ್ತು. ಪೆಟ್ಟು ಮೆತ್ತಗಾದದ್ದಕ್ಕೇ ನಾಜೂಕಿನ ಲವಣ ಹಾರಿಹೋಗದೆ ಉಳಿದುಕೊಂಡಿತ್ತು. ನಾನು ಬಾಯಿಪಾಠ ಮಾಡಿದ ಅಂಕಿ ಹೊರಗಿನದು. ಬಿಲ್ಲೆಗೆ ಅದರ ಎಷ್ಟೋ ಪಾಲು ತಲುಪಿಯೇ ಇರಲಿಲ್ಲ. ಎರಡು ಪಿಎಚ್.ಡಿ. ತಲೆಗಳು, ಒಂದು ಬಂದದ್ದು, ಒಂದು ಬರಬೇಕಾದದ್ದು, ಇಡೀ ಆಗಸ್ಟ್ ತಿಂಗಳು ಇಂಗು ತಿಂದ ಮಂಗಗಳ ಹಾಗೆ ಪಿಳಿಪಿಳಿ ನೋಡುತ್ತಾ ನಿಂತಿದ್ದವು.

ಮೇಡಂ ಕಿಟಕಿಯನ್ನು ಹಾಗೇ ಜೋಡಿಸಿದರು. "ಇನ್ನು ಒರೆಸೋದು ಬೇಡ" ಎಂದರು. ಸೀರೆ ತುಂಡನ್ನು ಕಪಾಟಿನಲ್ಲಿಟ್ಟು ಕೀ ಹಾಕಿದರು. ಕಿಟಕಿ ಮಸುಕಾಗುತ್ತಾ ಹೋಯಿತು, ಫಿಲ್ಮ್ ಕಂದಾಗುತ್ತಾ ಬಂತು, ವಾರದ ಕೊನೆಗೆ ಕಪ್ಪಾಯಿತು. ಆಮೇಲೆ ಕಿಟಕಿಯನ್ನು ಫಳಫಳ ಉಜ್ಜಿ, ಲೇಸರಿನ ಶಕ್ತಿಯನ್ನೇ ತಗ್ಗಿಸಿದರು. ಕಪ್ಪು. ಮತ್ತೆ ಉಜ್ಜಿದರು, ಮತ್ತೆ ಬೆಳೆಸಿದೆವು. ಕಪ್ಪು. ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ, ಇನ್ನೇನು ಹೊಗಳುತ್ತಾರೆ ಎಂದು ನಾನು ಕಾಯುತ್ತಿದ್ದರೆ, ತಿರುಗಿ ನನ್ನ ಮೇಲೇ ಹರಿಹಾಯ್ದರು.

"ಇಷ್ಟು ದಿನ ಯಾಕೆ ಬೈಲಿಲ್ಲ ನನ್ನ? ಮೊದಲೇ ಬೈದಿದ್ರೆ ಮೊದಲೇ ಗೊತ್ತಾಗ್ತಿತ್ತು!"

ಇಂಥವರ ಜೊತೆ ಏಗುವುದು ಹೇಗೆ ಹೇಳಿ.

ಪೇಪರ್ ಬರೆದೆ. ನನ್ನ ಹೆಸರು, ಮೇಡಂ ಹೆಸರು, ಗೈಡ್ ಹೆಸರು. ಓದಲು ಕೊಟ್ಟರೆ, ಎಲ್ಲವನ್ನೂ ತಿದ್ದಿ, ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದು ವಾಪಸ್ಸು ಕೊಟ್ಟರು.

"ಇದ್ಯಾಕೆ ಮೇಡಂ?"

"ಚೇಂಬರ್ ಕೊಟ್ಟಿದ್ದಕ್ಕೆ ಬಾಡಿಗೆ ಕೊಡ್ತಿದ್ದೀಯಾ?"

"ಬಾಡಿಗೆ ಅಲ್ಲ. ಶಕ್ತಿಯ ವಿಷಯ ಕಂಡುಹಿಡಿದವರು ನೀವು."

"ಕಂಡುಹಿಡಿದಿದ್ದು ನೀನು, ಕಿರುಚಾಡಿ. ನಾನು ಆಕ್ಸೈಡಿನವಳು. ಉಪ್ಪಿನ ಪೇಪರಲ್ಲಿ ನನ್ನ ಹೆಸರು ನೋಡಿದ್ರೆ ನಮ್ಮವರು ನಗ್ತಾರೆ."

ಗೈಡ್ ಹೇಳಿದರೂ ಕೇಳಲಿಲ್ಲ. ನಾನು ಕಾಲಿಗೆ ಬೀಳುವುದೊಂದು ಬಾಕಿ. 'ಚಲೋ, ಕೆಲಸ ನೋಡು' ಎಂದು ಬಾಗಿಲು ತೋರಿಸಿದರು. ಎಷ್ಟು ಸಿಟ್ಟು ಬಂತೆಂದರೆ, ಮೂರು ದಿನ ನೆಲಮಾಳಿಗೆಯ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಅವರೇ ಫೋನ್ ಮಾಡಿ ಹೊರಗೆ ತೇವ ಇದೆಯಾ ಎಂದು ಕೇಳಿದರು.

ಹೊಸ ಕಟ್ಟಡದ ಮಷೀನಿನಲ್ಲಿ ಅವರಿಗೆ ಸರದಿಯೇ ಸಿಗುತ್ತಿರಲಿಲ್ಲ. ಅಲ್ಲಿ ದೊಡ್ಡ ಗುಂಪುಗಳದೇ ದರ್ಬಾರು. ತಿಂಗಳಿಗೊಮ್ಮೆ ಅರ್ಧ ದಿನ ಸಿಕ್ಕರೆ ಹೆಚ್ಚು. ಕೇಳಿದರೆ, "ಮಾಡ್ತಿದ್ದೀನಲ್ಲ, ನಿಂಗ್ಯಾಕೆ?" ಅನ್ನುತ್ತಿದ್ದರು. ಮಾಡುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿಟ್ಟ ಹೀಟರು ಕಪಾಟಿನಿಂದ ಆಚೆ ಬರಲೇ ಇಲ್ಲ. ದಿನವಿಡೀ ನನ್ನ ಪಕ್ಕದಲ್ಲೇ ನಿಂತು ನನ್ನ ಉಪ್ಪಿನ ತಪ್ಪು ಹುಡುಕುತ್ತಿದ್ದರು.

ನವೆಂಬರಿನ ಹೊಗೆ ಕವಿದ ದಿನಗಳಲ್ಲಿ ಅವರು ಬರುವುದು ಕಡಿಮೆಯಾಯಿತು. ಗಾಳಿ ಸರಿಯಿಲ್ಲ, ಅದಕ್ಕೆ ಅಂದರು. ನಂಬಿದೆ, ಆ ದಿನಗಳಲ್ಲಿ ದೆಹಲಿಯಲ್ಲಿ ಎಲ್ಲರೂ ಅದನ್ನೇ ಅನ್ನುತ್ತಾರೆ. ಆಮೇಲೆ ನೋಯ್ಡಾದ ಐಟಿ ಆಫೀಸಿನಲ್ಲಿ ಕೆಲಸ ಮಾಡುವ ಅವರ ಮಗಳು ಫೋನ್ ಮಾಡಿ, ಆಸ್ಪತ್ರೆಯಲ್ಲಿದ್ದಾರೆ ಬನ್ನಿ ಅಂದಳು. ಹೋದಾಗ ಮೇಡಂ ಮಲಗಿದ್ದರು, ಮೂಗಿನ ಮೇಲೆ ಗುರುತುಗಳು ಮಾಸಿದ್ದವು. ಹೊರಗಿನ ಬೆಂಚಿನ ಮೇಲೆ ಕೂತು ಮಗಳು ತನ್ನ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಎಲ್ಲ ಹೇಳಿದಳು. ಕಾಯಿಲೆ ಹಳೆಯದು. ಜುಲೈಯಲ್ಲೇ ಒಂದು ಆಪರೇಷನ್ ಆಗಿತ್ತು.

"ಜುಲೈಯಲ್ಲಾ? ಮೈಸೂರಿಗೆ, ಮದುವೆಗೆ ಹೋಗಿದ್ರಲ್ಲ?"

"ಕೌನ್ ಸೀ ಶಾದಿ, ದೀದಿ? ಅಮ್ಮನ ತಂಗಿ, ಮೈಸೂರಿನ ಮಾಸಿಗೆ ಮಗಳೇ ಇಲ್ಲ."

ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಆಸ್ಪತ್ರೆಯ ಹಾಸಿಗೆಯ ಮೇಲಿಂದ ಪಂಪಿನ ಸದ್ದು ಹೇಗಿದೆ ಎಂದು ಕೇಳುತ್ತಿದ್ದರಲ್ಲ! ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಒಳಗೆ ಹೋಗಿ ಸರಿಯಾಗಿ ಕೇಳಿಯೇ ಬಿಡಬೇಕೆಂದು ಎದ್ದೆ. ಅವರು ಕಣ್ಣು ಬಿಟ್ಟು, "ಪ್ರಬಂಧ ಎಲ್ಲಿವರೆಗೆ ಬಂತು?" ಎಂದರು. ಹೇಳಿದೆ. "ನಿಧಾನ" ಎಂದರು. ಯಾವುದು ನಿಧಾನ, ನಾನೋ ಪ್ರಬಂಧವೋ, ಕೇಳಲಿಲ್ಲ. ಪ್ರಬಂಧ ಒಪ್ಪಿಸುವ ಮೊದಲೇ ಅವರು ಹೋದರು.

ಚಳಿ ಕಳೆದ ಮೇಲೆ ಮಗಳು ಲೇಸರ್ ಕೋಣೆಗೆ ಬಂದಳು. ಅಮ್ಮನ ಸಾಮಾನು ತೆಗೆದುಕೊಂಡು ಹೋಗಬೇಕಿತ್ತು. ಅಂಥದ್ದೇನೂ ಇರಲಿಲ್ಲ, ಒಂದು ಸ್ವೆಟರ್, ಒಂದು ಛತ್ರಿ, ನೀರಿನ ಬಾಟಲಿ. ಅದನ್ನೆಲ್ಲ ಚೀಲಕ್ಕೆ ತುಂಬಿಕೊಂಡ ಮೇಲೂ ಹೊರಡದೆ ನಿಂತಳು.

"ದೀದಿ, ಅಮ್ಮನ ಲಾಸ್ಟ್ ಪೇಪರ್ ಯಾವುದು? ನೆಟ್ಟಲ್ಲಿ ಬಹುತ್ ಹುಡುಕಿದೆ. ಕಳೆದ ಒಂದು ವರ್ಷದ್ದು ಕುಛ್ ಭೀ ಇಲ್ಲ. ದಿನಾ ಇಷ್ಟು ದೂರ ಬರ್ತಿದ್ರಲ್ಲ, ಯಹಾಂ ಏನು ಮಾಡ್ತಿದ್ರು?"

ನೋಡಿ ಮೇಡಂ, ನೋಡಿ, ಎಂದು ಮನಸ್ಸಿನಲ್ಲೇ ಕಿರುಚಿದೆ. ಬಾಡಿಗೆಯಂತೆ ಬಾಡಿಗೆ. ನಿಮ್ಮ ಮಗಳಿಗೆ ನಾನು ಈಗ ಏನು ತೋರಿಸಲಿ?

ಚೇಂಬರಿನ ಬಾಗಿಲು ತೆಗೆದು, ಒಳಗೆ ಟಾರ್ಚ್ ಬಿಟ್ಟೆ. ಒಂದು ಕಾಲಕ್ಕೆ ಅದರ ಒಳಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಈಗ ಅಡಿಯಿಂದ ಮುಡಿಯವರೆಗೂ ಕಂದು ಕಲೆ, ಅಲ್ಲಲ್ಲಿ ಉಕ್ಕು ತಿಂದುಹೋಗಿ ಸಣ್ಣ ಸಣ್ಣ ಗುಳಿ.

"ಇದು ನಿಮ್ಮ ಅಮ್ಮನ ಚೇಂಬರ್" ಎಂದೆ. "ನನ್ನ ಕೆಲಸಕ್ಕೆ ಕೊಟ್ಟಿದ್ರು. ನನ್ನ ಕೆಲಸ ಆಯ್ತು."

ಅವಳು ಬಗ್ಗಿ ನೋಡಿದಳು. "ಈ ದಾಗ್ ತೊಳೆದ್ರೆ ಹೋಗಲ್ವಾ?"

"ಹೋಗಲ್ಲ. ಇನ್ನು ಅಮ್ಮನ ಕೆಲಸ ಇದರಲ್ಲಿ ಯಾವತ್ತೂ ಆಗಲ್ಲ. ನಂದು ಮಾತ್ರ ಆಗುತ್ತೆ."

"ಅಮ್ಮನಿಗೆ ಪತಾ ಥಾ?"

"ಗೊತ್ತಿತ್ತು."

"ಫಿರ್? ಗೊತ್ತಿದ್ದೂ ಯಾಕೆ ಕೊಟ್ರು?"

ಆ ಪ್ರಶ್ನೆಯನ್ನು ನಾನು ಮೇಡಂಗೆ ಕೇಳಬೇಕಿತ್ತು. ಕೇಳಿದ್ದರೂ ಬೈದು ಕಳಿಸುತ್ತಿದ್ದರು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನು ಕೇಳಿದ್ದೆ" ಎಂದೆ. "ಅದಕ್ಕೆ ಕೊಟ್ರು."